ಅಂಗಿಯೊಳಗೆ ಬೆಚ್ಚಗಿರುವ ಡ್ರೋನು: ವಿಜ್ಞಾನಕತೆಗೆ ಒಂದು ಯುದ್ಧಯಂತ್ರ ಕಟ್ಟುವ ಬಗೆ

ಕೆಲವು ವರ್ಷಗಳ ಹಿಂದೆ ಒಂದು ಕತೆ ಬರೆದಿದ್ದೆ. ಸೈನಿಕನ ಭುಜದಿಂದ ಎದ್ದ ಡ್ರೋನು ರಾತ್ರಿಯಿಡೀ ಅವನ ನೆತ್ತಿಯ ಮೇಲೆ ಕಾವಲು ನಿಂತು, ಬೆಳಗಾದ ಮೇಲೆ ಸದ್ದಿಲ್ಲದೆ ಇಳಿದು ಮತ್ತೆ ಭುಜದ ಮೇಲೆ ಕೂರುತ್ತಿತ್ತು. ಬರೆದಾಗ ಬಹಳ ಖುಷಿಯಾಗಿತ್ತು. ನಮ್ಮ ಬೀದಿಯಲ್ಲಿ ಮದುವೆಗಳಿಗೆ ಡ್ರೋನ್ ಹಾರಿಸುವ ಹುಡುಗನೊಬ್ಬ ಇದ್ದಾನೆ. ಅವನಿಗೆ ಓದಲು ಕೊಟ್ಟೆ. ಎರಡನೇ ಪುಟಕ್ಕೇ ತಲೆ ಎತ್ತಿ, "ಸಾರ್, ನಂದು ಮಾಂಗಲ್ಯಧಾರಣೆ ಮುಗಿಯೋ ತನಕ ನಿಂತ್ರೆ ದೊಡ್ಡದು. ಇದಕ್ಕೆ ಬ್ಯಾಟರಿ ಎಲ್ಲಿಂದ ತಂದ್ರಿ?" ಅಂದ.

ಆ ಕತೆಯನ್ನು ನಾಲ್ಕು ಸಲ ತಿದ್ದಿದೆ. ತಿದ್ದುತ್ತಾ ನನಗೆ ಹೊಳೆದದ್ದು ಇಷ್ಟು: ಮೈಮೇಲೆ ತೊಡುವ ಡ್ರೋನು ದಿನದ 24 ಗಂಟೆಯಲ್ಲಿ ಅರ್ಧ ಗಂಟೆ ಹಾರಿದರೆ ಹೆಚ್ಚು. ಮಿಕ್ಕ ಹೊತ್ತೆಲ್ಲ ಅದು ಒಬ್ಬ ಮನುಷ್ಯನ ಮೈಮೇಲೆ ಬೆವರು, ಮಣ್ಣು, ಹಿಮ ತಿನ್ನುತ್ತಾ ಕೂತಿರುತ್ತದೆ. ನಾವು ಬರೆಯುವುದು ಹಾರಾಟವನ್ನು ಮಾತ್ರ. ಆ ಕೂತ ಹೊತ್ತನ್ನು ಬರೆಯುವುದು ಹೇಗೆ ಎಂಬುದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಇದು ಕಾಗದದ ಮೇಲೆ ಯಂತ್ರ ಕಟ್ಟುವವರಿಗೆ ಮಾತ್ರ, ವರ್ಕ್‌ಶಾಪಿನವರಿಗಲ್ಲ.

ಹಂತ 1: ಈಗಾಗಲೇ ಇರುವುದನ್ನು ನೋಡಿಕೊಳ್ಳಿ

ಕಲ್ಪನೆ ಶುರುವಾಗುವ ಮೊದಲೇ ವಾಸ್ತವ ಎಷ್ಟು ದೂರ ಹೋಗಿದೆ ಎಂದು ತಿಳಿದಿರಬೇಕು. ಇಲ್ಲದಿದ್ದರೆ 2070ರ ಕತೆಯಲ್ಲಿ 2013ರ ಯಂತ್ರವನ್ನು ಮಹಾ ಅದ್ಭುತವೆಂದು ವರ್ಣಿಸುತ್ತಾ ಕೂತಿರುತ್ತೀರಿ.

ನಾರ್ವೆಯ ಪ್ರಾಕ್ಸ್ ಡೈನಮಿಕ್ಸ್ ಕಂಪನಿ ಮಾಡಿದ 'ಬ್ಲ್ಯಾಕ್ ಹಾರ್ನೆಟ್' ಅಂಗೈಯಲ್ಲಿ ಹಿಡಿಸುವ ಪುಟ್ಟ ಹೆಲಿಕಾಪ್ಟರ್. ಹೆಸರಿನ ಅರ್ಥ ಕರಿ ಕಡಜ. ಮೊದಲ ತಲೆಮಾರಿನದು ತೂಗುತ್ತಿದ್ದದ್ದು ಸುಮಾರು 16 ಗ್ರಾಂ. ಅಫ್ಘಾನಿಸ್ತಾನದಲ್ಲಿ ಬ್ರಿಟಿಷ್ ಸೈನಿಕರು ಇದನ್ನು ಗೋಡೆಯಾಚೆ, ತಿರುವಿನಾಚೆ ಇಣುಕಲು ಬಳಸಿದರು. ಆಮೇಲೆ ಬಂದ ಮೂರನೇ ಮಾದರಿ 33 ಗ್ರಾಂ. 25 ನಿಮಿಷ, 2 ಕಿಲೋಮೀಟರ್ ಹಾರುತ್ತದೆ. ಪೆಟ್ಟಿಗೆಯನ್ನು ಸೊಂಟಕ್ಕೋ ಎದೆಗೋ ಕಟ್ಟಿಕೊಳ್ಳುತ್ತಾರೆ, ಪುಟ್ಟ ಪರದೆಯಲ್ಲಿ ನೋಡುತ್ತಾರೆ. ಎಂದರೆ ತೊಡುವ ಬೇಹಿನ ಡ್ರೋನು ಹಳೆಯ ಸಂಗತಿ. ಇನ್ನೊಂದು ಸೂಕ್ಷ್ಮ ಗಮನಿಸಿ: ಹಾರುವ ಭಾಗ 33 ಗ್ರಾಂ ಇದ್ದರೂ ಹೊರುವ ಪೆಟ್ಟಿಗೆ, ಪರದೆ, ಕೈಹಿಡಿ ಎಲ್ಲ ಸೇರಿದರೆ ಭಾರ ಅದರ ಎಷ್ಟೋ ಪಟ್ಟು. ಕತೆಗಾರರು ಹಾರುವುದನ್ನಷ್ಟೇ ತೂಗಿ ಬಿಡುತ್ತಾರೆ.

2014ರಲ್ಲಿ ಇಂಟೆಲ್ ಕಂಪನಿಯ ತೊಡುವ-ಯಂತ್ರಗಳ ಸ್ಪರ್ಧೆಯಲ್ಲಿ ಗೆದ್ದ 'ನಿಕ್ಸಿ' ಮಣಿಕಟ್ಟಿಗೆ ಕಡಗದ ಹಾಗೆ ಸುತ್ತಿಕೊಳ್ಳುತ್ತಿತ್ತು. ಬಿಚ್ಚಿಕೊಂಡರೆ ಆ ಪಟ್ಟಿಗಳೇ ಫ್ಯಾನಿನ ತೋಳುಗಳಾಗುತ್ತಿದ್ದವು. ಹಿಂದಕ್ಕೆ ಹೋದರೆ ಇನ್ನೂ ಸೊಗಸು. ಜರ್ಮನಿಯ ಔಷಧ ವ್ಯಾಪಾರಿ ಜೂಲಿಯಸ್ ನ್ಯೂಬ್ರೋನರ್ 1908ರಲ್ಲಿ ಪಾರಿವಾಳದ ಎದೆಗೆ ಕಟ್ಟುವ ಕ್ಯಾಮೆರಾಕ್ಕೆ ಪೇಟೆಂಟ್ ಪಡೆದ. ಅಲ್ಲಿ ತೊಟ್ಟದ್ದು ಹಕ್ಕಿ, ಮನುಷ್ಯನಲ್ಲ.

ಹಂತ 2: ಅದಕ್ಕೆ ಒಂದೇ ಕೆಲಸ ಕೊಡಿ

ಹೊಸಬರ ಡ್ರೋನು ಬೇಹು ನೋಡುತ್ತದೆ, ಗುಂಡು ತಡೆಯುತ್ತದೆ, ಗಾಯಕ್ಕೆ ಪಟ್ಟಿ ಕಟ್ಟುತ್ತದೆ, ನಡುವೆ ನಾಯಕನಿಗೆ ತಾತ್ವಿಕ ಸಲಹೆಯನ್ನೂ ಕೊಡುತ್ತದೆ. ಮನೆಯ ಹಿರಿಸೊಸೆಗೂ ಇಷ್ಟು ಕೆಲಸ ಇರುವುದಿಲ್ಲ. ಒಂದನ್ನು ಆರಿಸಿ.

ರಕ್ಷಣೆಯ ಡ್ರೋನು ಅಂದಾಗ ಎಲ್ಲರ ಮನಸ್ಸಿಗೂ ಮೊದಲು ಬರುವುದು ಗುಂಡಿಗೆ ಅಡ್ಡ ನಿಲ್ಲುವ ಗುರಾಣಿ. ನಾನೂ ಬರೆದು ಹೊಡೆದುಹಾಕಿದ್ದೇನೆ. ಎಕೆ-47ರ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 715 ಮೀಟರ್ ವೇಗದಲ್ಲಿ ಹೊರಡುತ್ತದೆ, 100 ಮೀಟರನ್ನು ಸುಮಾರು 0.15 ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರೊಳಗೆ ಡ್ರೋನು ಎದ್ದು ಅಡ್ಡ ಬಂತೆಂದೇ ಇಟ್ಟುಕೊಳ್ಳೋಣ. ತಡೆಯುವುದು ಯಾವುದರಿಂದ? ರೈಫಲ್ ಗುಂಡು ತಡೆಯಲು ಸೈನಿಕರು ಎದೆಗೆ ಹಾಕಿಕೊಳ್ಳುವ ಫಲಕ ಒಂದೊಂದೇ 2ರಿಂದ 3 ಕಿಲೋ ತೂಗುತ್ತದೆ. ಅದನ್ನು ಎತ್ತಿಕೊಂಡು ಹಾರುವ ಡ್ರೋನನ್ನು ತೊಡುವುದಕ್ಕಿಂತ ಆ ಫಲಕವನ್ನೇ ತೊಡುವುದು ವಾಸಿ, ಹೇಗೂ ಈಗಲೇ ತೊಡುತ್ತಾರೆ. ಟ್ಯಾಂಕುಗಳ ಮೇಲೆ ಕೂತು ಎದುರು ಬರುವ ರಾಕೆಟ್ಟನ್ನು ಹೊಡೆದುರುಳಿಸುವ ವ್ಯವಸ್ಥೆಗಳು ನಿಜವಾಗಿಯೂ ಇವೆ, ಇಸ್ರೇಲಿನ 'ಟ್ರೋಫಿ' ಅಂಥದ್ದು. ಅದನ್ನು ಹೊರಲು ಟ್ಯಾಂಕೇ ಬೇಕು.

ನಂಬಿಸಬಹುದಾದ ರಕ್ಷಣೆ ಬೇರೆ ಬಗೆಯದು. ಶಬ್ದಕ್ಕಿಂತ ವೇಗದ ಗುಂಡು ಪಕ್ಕದಲ್ಲಿ ಹಾದಾಗ 'ಚಟ್' ಎಂದು ಚಾಟಿ ಬೀಸಿದಂತೆ ಕೇಳುತ್ತದೆ, ಬಂದೂಕಿನ 'ಢಂ' ಅದರ ಹಿಂದೆ ಬರುತ್ತದೆ. ಹಲವು ಮೈಕುಗಳಲ್ಲಿ ಆ ಎರಡರ ನಡುವಿನ ಅಂತರ ಅಳೆದು, ಹೊಡೆದವನು ಯಾವ ದಿಕ್ಕಿನಲ್ಲಿ ಎಷ್ಟು ದೂರ ಇದ್ದಾನೆಂದು ಹೇಳುವ ಯಂತ್ರ ಇರಾಕ್ ಯುದ್ಧದ ಕಾಲದಲ್ಲೇ ಅಮೆರಿಕದ ವಾಹನಗಳ ಮೇಲಿತ್ತು. ಹೆಸರು 'ಬೂಮರಾಂಗ್'. ಈಗ ಯೋಚಿಸಿ: ಹಾರುತ್ತಿರುವ ಡ್ರೋನಿಗೆ ಈ ಕೆಲಸ ಬಹಳ ಕಷ್ಟ, ತನ್ನ ಫ್ಯಾನಿನ ಗಲಾಟೆಯಲ್ಲಿ ಅದಕ್ಕೆ ಬೇರೇನೂ ಕೇಳಿಸದು. ಭುಜದ ಮೇಲೆ ಸುಮ್ಮನೆ ಕೂತ ಡ್ರೋನಿಗೆ ಸಲೀಸು. ಮೈಮೇಲಿದ್ದಾಗ ಕಿವಿ, ಮೇಲೆ ಹೋದಾಗ ಕಣ್ಣು. ನನ್ನ ನಾಲ್ಕನೇ ತಿದ್ದುಪಡಿಯಲ್ಲಿ ಕತೆ ಎದ್ದು ನಿಂತದ್ದು ಇದೊಂದು ಬದಲಾವಣೆಯಿಂದ. ಏಕೆಂದರೆ ಡ್ರೋನನ್ನು ಹಾರಿಸುವುದೆಂದರೆ ತನ್ನ ಕಿವಿಯನ್ನು ಕಳೆದುಕೊಳ್ಳುವುದು ಎಂದಾಯಿತು. ಪಾತ್ರ ಪ್ರತಿ ಸಲ ಹಾರಿಸುವ ಮುನ್ನ ಯೋಚಿಸಲೇಬೇಕಾಯಿತು.

ಕೆಲಸವನ್ನು ಜಾಗದಿಂದಲೂ ಆರಿಸಬಹುದು. ನನ್ನ ಕತೆ ಸಿಯಾಚಿನ್ ಕಡೆಯದು, ಪಾತ್ರ ಗದಗ ಜಿಲ್ಲೆಯ ಒಬ್ಬ ಹವಾಲ್ದಾರ್. ಆ ನೆಲದಲ್ಲಿ ಗುಂಡಿಗಿಂತ ಹೆಚ್ಚು ಜೀವ ತೆಗೆದದ್ದು ಹಿಮ. 2016ರ ಫೆಬ್ರವರಿಯಲ್ಲಿ ಸೋನಂ ಚೌಕಿಯ ಮೇಲೆ ಹಿಮ ಕುಸಿದು ಹತ್ತು ಮಂದಿ ಸಿಕ್ಕಿಕೊಂಡರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತವಾಗಿ ಸಿಕ್ಕಿ, ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ವಾರ ನಮ್ಮಲ್ಲಿ ಟಿವಿ ಮುಂದೆ ಕೂರದ ಮನೆ ಇರಲಿಲ್ಲ. ಹಿಮದಲ್ಲಿ ಹೂತವರನ್ನು ಹುಡುಕಲು ಜಗತ್ತಿನಾದ್ಯಂತ 457 ಕಿಲೋಹರ್ಟ್ಸ್‌ನ ಬೀಕನ್, ಅಂದರೆ ಮೈಗೆ ಕಟ್ಟಿಕೊಂಡು ರೇಡಿಯೊ ಸಂಕೇತ ಬಿಡುತ್ತಿರುವ ಪುಟ್ಟ ಯಂತ್ರ, ಬಳಸುತ್ತಾರೆ. ಆ ಸಂಕೇತವನ್ನು ಹಿಮದ ಮೇಲೆ ತಗ್ಗಿ ಹಾರುತ್ತಾ ಹುಡುಕುವ ಪುಟ್ಟ ಡ್ರೋನು ನನ್ನ ಹವಾಲ್ದಾರನಿಗೆ ಗುರಾಣಿಗಿಂತ ಹತ್ತಿರದ್ದು ಅನ್ನಿಸಿತು.

ಹಂತ 3: ಮೈಮೇಲೆ ಜಾಗ ಹುಡುಕಿ

ಇದೊಂದು ಹಂತಕ್ಕೆ ಒಂದು ಸಂಜೆ ಕೊಡಿ. ಶಾಲೆಯ ಬ್ಯಾಗಿಗೆ ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಳ್ಳಿ, ಕೋಲೊಂದನ್ನು ಬಂದೂಕಿನ ಹಾಗೆ ಹಿಡಿಯಿರಿ, ಹಾಲ್‌ನಲ್ಲಿ ಬೋರಲಾಗಿ ತೆವಳಿ. ಮನೆಯವರು ನಗಲಿ, ಪರವಾಗಿಲ್ಲ.

ಬಲಗೈಯವನಿಗೆ ಬಲಭುಜ ಬಂದೂಕಿನ ಹಿಡಿಗೆ ಬೇಕು. ಎಡಭುಜದ ಮೇಲೆ ಚೀಲದ ಪಟ್ಟಿ. ಎದೆಯ ಮೇಲೆ ಮದ್ದುಗುಂಡಿನ ಕಿಸೆಗಳಿವೆ, ಮೇಲಾಗಿ ಮಲಗಿದಾಗ ಎದೆಯಲ್ಲಿದ್ದದ್ದು ಅಪ್ಪಚ್ಚಿ. ಬೆನ್ನು ಖಾಲಿ ಕಂಡರೂ ಅಲ್ಲಿಂದ ತಾನೇ ತೆಗೆದುಕೊಳ್ಳಲು ಕೈ ಎಟುಕದು, ಜೊತೆಯವನ ನೆರವು ಬೇಕು. (ಇದೂ ಒಳ್ಳೆಯ ಕತೆಯೇ: ಜೋಡಿಯಿಲ್ಲದೆ ಹಾರದ ಡ್ರೋನು.) ಹೆಲ್ಮೆಟ್ಟಿನ ಮೇಲೆ ಇಟ್ಟರೆ ಕುತ್ತಿಗೆ ಕೇಳುತ್ತದೆ, ರಾತ್ರಿ ನೋಡುವ ಕನ್ನಡಕ ಮುಂದೆ ಹಾಕಿದರೆ ಸಮತೂಕಕ್ಕೆ ಹಿಂದೆ ಭಾರ ಕಟ್ಟುವವರಿದ್ದಾರೆ. ಮಣಿಕಟ್ಟು ಸಿನಿಮಾಕ್ಕೆ ಚೆಂದ, ದಪ್ಪ ಕೈಗವಸಿನ ನಾಡಿನಲ್ಲಿ ಸಲ್ಲದು. ಮೈಮೇಲೆ ಈಗಾಗಲೇ 30 ಕಿಲೋ ಇರುವ ಮನುಷ್ಯ ಇನ್ನೊಂದು 250 ಗ್ರಾಂಗೂ ಬೈಯುತ್ತಾನೆ. ಆ ಬೈಗುಳವನ್ನು ಕತೆಗೆ ಹಾಕಿ.

ನನಗೆ ಕೊನೆಗೆ ಸಿಕ್ಕ ಜಾಗ ಕೋಟಿನ ಒಳಗೆ, ಎಡ ಕಂಕುಳ ಕೆಳಗೆ. ಕಾರಣ ಚಳಿ. ಲಿಥಿಯಂ ಬ್ಯಾಟರಿ ಹೆಪ್ಪುಗಟ್ಟುವ ಚಳಿಯಲ್ಲಿ ಬೇಗ ಸೊರಗುತ್ತದೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೇ ಕೆಡುತ್ತದೆ. ಚಳಿನಾಡಿನಲ್ಲಿ ಓಡಾಡುವವರು ಬ್ಯಾಟರಿಯನ್ನು ಮೈಗೆ ಒತ್ತಿ ಇಟ್ಟುಕೊಳ್ಳುವುದು ಅದಕ್ಕೇ. ಡ್ರೋನನ್ನು ಪೆಟ್ಟಿಗೆಯಲ್ಲಿ ಇಡದೆ ತೊಡುವುದೇಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನನಗೆ ಕಂಡಿಲ್ಲ. ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ ಹವಾಲ್ದಾರ ಅದಕ್ಕೆ ಕಾವು ಕೊಡುತ್ತಾನೆ. ಅವನು ಸತ್ತರೆ ಸ್ವಲ್ಪ ಹೊತ್ತಿಗೆ ಅದೂ ಸಾಯುತ್ತದೆ. ಈ ಸಾಲನ್ನು ನಾನು ಕತೆಯಲ್ಲಿ ಬರೆಯಲಿಲ್ಲ, ಓದುಗ ತಾನೇ ಕಂಡುಕೊಳ್ಳಲೆಂದು ಬಿಟ್ಟೆ.

ಹಂತ 4: ಲೆಕ್ಕ ಹಾಕಿ

ಹೆದರಬೇಡಿ, ಹತ್ತನೇ ಕ್ಲಾಸಿನ ಗಣಿತ ಸಾಕು. ಗಾಳಿಯಲ್ಲಿ ನಿಂತ ಜಾಗದಲ್ಲೇ ನಿಲ್ಲುವುದಕ್ಕೆ ಬೇಕಾದ ಶಕ್ತಿಯ ಬಗ್ಗೆ ಮೂರು ಸಂಗತಿ ನೆನಪಿರಲಿ. ಫ್ಯಾನು ಅಷ್ಟೇ ಇದ್ದು ತೂಕ ಎರಡು ಪಟ್ಟಾದರೆ ಶಕ್ತಿ ಸುಮಾರು 2.8 ಪಟ್ಟು ಬೇಕು. ತೂಕ ಅಷ್ಟೇ ಇದ್ದು ಫ್ಯಾನಿನ ಅಗಲ ಅರ್ಧವಾದರೆ ಶಕ್ತಿ ಎರಡು ಪಟ್ಟು. ಗಾಳಿ ತೆಳುವಾದಷ್ಟೂ ಶಕ್ತಿ ಏರುತ್ತದೆ.

ನನ್ನ ಡ್ರೋನು 250 ಗ್ರಾಂ. ಆ ಸಂಖ್ಯೆ ಸುಮ್ಮನೆ ಹಿಡಿದದ್ದಲ್ಲ; ಭಾರತದ 2021ರ ಡ್ರೋನ್ ನಿಯಮಗಳಲ್ಲಿ 'ನ್ಯಾನೊ' ವರ್ಗದ ಗಡಿ ಅದೇ. 12 ಸೆಂಟಿಮೀಟರ್ ಅಗಲದ ನಾಲ್ಕು ಫ್ಯಾನು. ಮೋಟಾರಿನ ನಷ್ಟವನ್ನೂ ಸೇರಿಸಿ ಸಮುದ್ರಮಟ್ಟದಲ್ಲಿ ನಿಲ್ಲಲು ಸುಮಾರು 23 ವಾಟ್ ಬೇಕು. 5,500 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟದ ಶೇಕಡಾ 57ರಷ್ಟು ಮಾತ್ರ ದಟ್ಟ, ಹಾಗಾಗಿ 30 ವಾಟ್. ಅಲ್ಲಿ 25 ನಿಮಿಷ ನಿಲ್ಲಬೇಕಾದರೆ 12.5 ವಾಟ್-ಅವರ್. ಇಂದಿನ ಒಳ್ಳೆಯ ಲಿಥಿಯಂ ಬ್ಯಾಟರಿ ಕಿಲೋಗೆ 200ರಿಂದ 250 ವಾಟ್-ಅವರ್ ಹಿಡಿಯುತ್ತದೆ, ಅಂದರೆ 50ರಿಂದ 60 ಗ್ರಾಂ ಬ್ಯಾಟರಿ. ಮದುವೆ ಹುಡುಗನ ಮಾತು ಸರಿ. ರಾತ್ರಿಯಿಡೀ ನಿಲ್ಲುವ ಡ್ರೋನು ಬ್ಯಾಟರಿಯನ್ನೇ ಹೊತ್ತು ನಿಲ್ಲಬೇಕು, ಆ ಬ್ಯಾಟರಿಯನ್ನು ಎತ್ತಲು ಇನ್ನಷ್ಟು ಬ್ಯಾಟರಿ ಬೇಕು.

ಚಾರ್ಜ್ ಎಲ್ಲಿಂದ? ಮೈಯ ಬಿಸಿಯಿಂದ ವಿದ್ಯುತ್ ತೆಗೆಯುತ್ತಾನೆ ಎಂದು ಬರೆಯುವ ಆಸೆ ಬರುತ್ತದೆ. ಅದರಿಂದ ಸಿಗುವುದು ಕೈಗಡಿಯಾರ ಓಡಿಸುವಷ್ಟು. ಆದರೆ 2008ರಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು ಮೊಣಕಾಲಿಗೆ ಕಟ್ಟುವ ಒಂದು ಸಾಧನ ತೋರಿಸಿದರು. ಎರಡೂ ಕಾಲಿಗೆ ಕಟ್ಟಿ ನಡೆದರೆ ಸುಮಾರು 5 ವಾಟ್. ಈಗ ಭಾಗಿಸಿ: 12.5 ಬೈ 5, ಎರಡೂವರೆ ಗಂಟೆ. ನನ್ನ ಹವಾಲ್ದಾರ ಎರಡೂವರೆ ಗಂಟೆ ಹಿಮದಲ್ಲಿ ನಡೆದರೆ 25 ನಿಮಿಷದ ಹಾರಾಟ ಸಂಪಾದಿಸುತ್ತಾನೆ. ಹಸಿದವನಿಗೆ ತುತ್ತಿನ ಬೆಲೆ ಗೊತ್ತಿರುವ ಹಾಗೆ ಅವನಿಗೆ ಪ್ರತಿ ನಿಮಿಷದ ಬೆಲೆ ಗೊತ್ತು. ಈ ಲೆಕ್ಕ ಕತೆಯಲ್ಲಿ ಎಲ್ಲೂ ಬರುವುದಿಲ್ಲ. "ಬ್ಯಾಡ, ಇನ್ನೂ ಕಾಲಾಗ ಕಸುವು ಐತಿ, ನಡದು ತುಂಬಸೂಣು" ಎಂಬ ಒಂದು ಮಾತಿನಲ್ಲಿ ಬರುತ್ತದೆ.

ಹಂತ 5: ಗಾಳಿ ಮತ್ತು ಸದ್ದು

1970ರ ದಶಕದಲ್ಲಿ ಅಮೆರಿಕದ ಸಿಐಎ ಏರೋಪ್ಲೇನ್ ಚಿಟ್ಟೆಯ ರೂಪದ ಪುಟ್ಟ ಬೇಹುಯಂತ್ರ ಮಾಡಿಸಿತ್ತು, 'ಇನ್ಸೆಕ್ಟೊಥಾಪ್ಟರ್'. ಹಾರಿತು. ಆದರೆ ಅಡ್ಡಗಾಳಿ ಸ್ವಲ್ಪ ಜೋರಾದರೂ ದಾರಿ ತಪ್ಪುತ್ತಿತ್ತು, ಹಾಗಾಗಿ ಕೈಬಿಟ್ಟರು. ಈಗ ಮ್ಯೂಸಿಯಮ್ಮಿನಲ್ಲಿದೆ. ಹಾರ್ವರ್ಡಿನ 'ರೋಬೋಬೀ' ಒಂದು ಗ್ರಾಮಿನ ಹತ್ತನೇ ಒಂದು ಭಾಗವೂ ಇಲ್ಲ. ಅದನ್ನು ಯುದ್ಧಭೂಮಿಗೆ ತರುವ ಮುನ್ನ ನಿಮ್ಮ ಮನೆಯ ಸೀಲಿಂಗ್ ಫ್ಯಾನಿನ ಕೆಳಗೆ ನಿಂತ ಸೊಳ್ಳೆಯನ್ನು ನೋಡಿ.

ಸದ್ದು ತೀರಾ ಇಲ್ಲದ ಡ್ರೋನು ಬೇಡ. ದೂರ ಎರಡು ಪಟ್ಟಾದಾಗ ಸದ್ದು 6 ಡೆಸಿಬಲ್ ಇಳಿಯುತ್ತದೆ ಅಷ್ಟೇ, ಮಾಯವಾಗುವುದಿಲ್ಲ. ಅದು ಕೇಳಿಸಲಿ, ಕೇಳಿಸಿದವನು ಏನೆಂದುಕೊಂಡ ಎಂಬುದನ್ನು ಬರೆಯಿರಿ.

ಹಂತ 6: ಮನೆಗೆ ಮರಳುವ ದಾರಿ

ಎಲ್ಲ ಕತೆಗಳಲ್ಲೂ ಡ್ರೋನು ಹೋಗುವುದನ್ನು ಎರಡು ಪುಟ ಬರೆಯುತ್ತಾರೆ, ಬರುವುದನ್ನು ಅರ್ಧ ಸಾಲು. ನನ್ನ ಪ್ರಕಾರ ತಲೆಕೆಳಗು. ತೊಡುವ ಡ್ರೋನಿಗೆ ಇಳಿಯಲು ನೆಲವಿಲ್ಲ, ಒಬ್ಬ ಮನುಷ್ಯ ಇದ್ದಾನೆ, ಅವನು ನಿಂತಲ್ಲಿ ನಿಂತಿಲ್ಲ. ಎದ್ದು ಓಡಿರಬಹುದು, ಬಿದ್ದಿರಬಹುದು. ಅದು ಅವನನ್ನು ಗುರುತು ಹಿಡಿಯುವುದು ಹೇಗೆ? ರೇಡಿಯೊ ಅಂದರೆ, ಅವನು ಸಂಕೇತ ಬಿಡುತ್ತಲೇ ಇರಬೇಕು. ಆ ಸಂಕೇತವನ್ನು ಶತ್ರುವೂ ಹಿಡಿಯಬಲ್ಲ. ಕಣ್ಣಿನಿಂದ ಅಂದರೆ, ಬಿಳಿ ಹಿಮದಲ್ಲಿ ಬಿಳಿ ಉಡುಪಿನ ಎಲ್ಲರೂ ಒಂದೇ. ಇನ್ನೊಂದು ಅಪಾಯ: ಹಾರಿಹೋಗುವ ಡ್ರೋನನ್ನು ಬೆನ್ನುಹತ್ತಿದರೆ ಅದರ ಒಡೆಯ ಸಿಗುತ್ತಾನೆ. ಉಕ್ರೇನಿನಲ್ಲಿ ಎರಡೂ ಕಡೆಯವರು ಮೊದಲು ಹುಡುಕುವುದು ಹಾರಿಸುವವನನ್ನು. ರೇಡಿಯೊ ಸಂಪರ್ಕ ಕೆಡಿಸುವ ಜ್ಯಾಮರ್‌ಗಳ ಕಾಟ ತಪ್ಪಿಸಲು ಅಲ್ಲಿ 2024ರಿಂದ ಕೂದಲೆಳೆಯ ಆಪ್ಟಿಕಲ್ ಫೈಬರ್ ಬಿಚ್ಚಿಕೊಂಡೇ ಹಾರುವ ಡ್ರೋನುಗಳು ಬಂದಿವೆ, ಗಾಳಿಪಟಕ್ಕೆ ದಾರ ಇದ್ದ ಹಾಗೆ. ದಾರ ಇದ್ದ ಮೇಲೆ ಅದರ ಎರಡನೇ ತುದಿಯೂ ಇರುತ್ತದಲ್ಲ.

ಭಸ್ಮಾಸುರನ ಕತೆ ಕೇಳಿ ಬೆಳೆದ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಕತೆಯ ನಡುಭಾಗ ಪೂರ್ತಿ ಇದೇ: ಡ್ರೋನು ಹಿಂತಿರುಗುತ್ತಿದೆ, ಅದರ ಹಿಂದೆ ಇನ್ನೊಂದು ಬರುತ್ತಿದೆ, ಹವಾಲ್ದಾರ ಕೋಟಿನ ಗುಂಡಿ ಬಿಚ್ಚಬೇಕೋ ಬೇಡವೋ.

ಹಂತ 7: ಒಂದು ಸುಳ್ಳು ನಿಮ್ಮ ಪಾಲಿಗೆ

ವಿಜ್ಞಾನಕತೆಗೆ ಒಂದು ಸುಳ್ಳಿನ ಪರವಾನಗಿ ಇದೆ. ಹೆಚ್ಚಿನವರು ಅದನ್ನು ಬ್ಯಾಟರಿಗೆ ಖರ್ಚು ಮಾಡಿಬಿಡುತ್ತಾರೆ, ನನಗೆ ಅದು ದಂಡ ಅನ್ನಿಸುತ್ತದೆ. ಬ್ಯಾಟರಿಯ ಬಡತನದಿಂದಲೇ ಕತೆ ಹುಟ್ಟುವಾಗ ಅದನ್ನೇಕೆ ಸಿರಿವಂತ ಮಾಡುವುದು? ನಾನು ಸುಳ್ಳನ್ನು ಬುದ್ಧಿಗೆ ಇಟ್ಟೆ: ಡ್ರೋನಿಗೆ ತೊಟ್ಟವನ ಉಸಿರು, ನಾಡಿ, ನಡುಕ ಎಲ್ಲ ಗೊತ್ತು, ಅವನಿಗೆ ಹೇಳದೆ ತೀರ್ಮಾನ ತೆಗೆದುಕೊಳ್ಳಬಲ್ಲದು. ಗುಂಪಾಗಿ ಹಾರುವುದು ಈಗ ಸುಳ್ಳೂ ಅಲ್ಲ. 2021ರ ಜನವರಿ 15ರ ಸೇನಾ ದಿನದಂದು ದೆಹಲಿಯಲ್ಲಿ 75 ಡ್ರೋನುಗಳು ಒಟ್ಟಿಗೆ ಹಾರಿದವು. ಮನುಷ್ಯನ ಅಪ್ಪಣೆಯಿಲ್ಲದೆ ಕೊಲ್ಲುವ ಯಂತ್ರಗಳ ಬಗ್ಗೆ ಜಿನೀವಾದಲ್ಲಿ ದೇಶಗಳು ಹತ್ತು ವರ್ಷಕ್ಕೂ ಮೇಲ್ಪಟ್ಟು ಮಾತಾಡುತ್ತಲೇ ಇವೆ. ನಿಮ್ಮ ಕತೆಯಲ್ಲಿ ಆ ಮಾತು ಏನಾಯಿತು ಎಂದು ಒಂದು ಸಾಲಿನಲ್ಲಾದರೂ ತಿಳಿಸಿ.

ಹಂತ 8: ಹೆಸರು, ಮಾತು

ಗರುಡ, ಪುಷ್ಪಕ, ತ್ರಿಶೂಲ ಬೇಡ. ಅವು ಪ್ರಯೋಗಾಲಯದವರು ಇಡುವ ಹೆಸರುಗಳು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ತನ್ನ ಪುಟ್ಟ ವಿಮಾನವೊಂದಕ್ಕೆ 'ಪುಷ್ಪಕ' ಎಂದು ಆಗಲೇ ಇಟ್ಟಾಗಿದೆ. ದಿನಾ ಹೊರುವವನು ಬೇರೆಯೇ ಹೆಸರು ಇಡುತ್ತಾನೆ: ನೊರಜು, ದುಂಬಿ, ಗುಂಗುರು. ನನ್ನ ಹವಾಲ್ದಾರ ಅದನ್ನು 'ಮರಿ' ಅನ್ನುತ್ತಾನೆ, ಕಂಕುಳಲ್ಲಿ ಇರುತ್ತದಲ್ಲ. ಅದು ಅವನ ಜೊತೆ ಮಾತಾಡುವುದು ಪಲ್ಟನ್ನಿನ ಹಿಂದಿಯಲ್ಲಿ. ಅವನು ಬೈಯುವುದು ಗದಗಿನ ಕನ್ನಡದಲ್ಲಿ. ಅದಕ್ಕೆ ಕನ್ನಡ ಬರುತ್ತದೋ ಇಲ್ಲವೋ ಎಂಬುದು ಕೊನೆಯವರೆಗೂ ಅವನಿಗೆ ಗೊತ್ತಾಗುವುದಿಲ್ಲ.

ಹಂತ 9: ಹಾರಿಸುವವರಿಗೆ ಓದಲು ಕೊಡಿ

ಸಾಹಿತ್ಯದ ಗೆಳೆಯರಿಗೆ ಆಮೇಲೆ ಕೊಟ್ಟರಾಯಿತು. ಮೊದಲು ಡ್ರೋನ್ ಹಾರಿಸುವ ಒಬ್ಬರಿಗೆ, ಸಿಕ್ಕರೆ ಸೇನೆಯಿಂದ ನಿವೃತ್ತರಾದ ಒಬ್ಬರಿಗೆ ಕೊಡಿ. "ಹೇಗಿದೆ" ಎಂದು ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. "ಎಲ್ಲಿ ನಗು ಬಂತು" ಎಂದು ಕೇಳಿ.

ನಾಲ್ಕನೇ ಸಲ ತಿದ್ದಿದ್ದನ್ನು ಮದುವೆ ಹುಡುಗನಿಗೆ ಕೊಟ್ಟೆ. ಈ ಸಲ ಪೂರ್ತಿ ಓದಿದ. ಕಾಗದ ಮಡಚಿ ಕೊಡುತ್ತಾ, "ಎಲ್ಲ ಸರಿ ಸಾರ್, ಮೇಲೆ ಬಿಡೋಕ್ಮುಂಚೆ ಅವ್ನು ಗಾಳಿ ಯಾವ ಕಡೆ ಅಂತ ನೋಡ್ಲೇ ಇಲ್ವಲ್ಲ?" ಅಂದ. ಮನೆಗೆ ಬಂದು ಹವಾಲ್ದಾರನ ಕೈಗೆ ಒಂದು ಚಿಟಿಕೆ ಪುಡಿಹಿಮ ಕೊಟ್ಟೆ. ಅವನು ಅದನ್ನು ಮೇಲೆ ತೂರಿ, ಅದು ಎತ್ತ ಹೋಯಿತೆಂದು ನೋಡಿ, ಆಮೇಲೆ ಗುಂಡಿ ಬಿಚ್ಚಿದ.